ಕಾಫಿ ಹೌಸಿನ ಒಡೆಯರು

ಒಂದು ಬಟ್ಟಲು ಕಾಫಿಯ ಹಿಂದೆ ಚರಿತ್ರೆಯೊಂದು ಇರಬಹುದೆಂಬುದು ವಿದ್ಯಾರ್ಥಿಯಾಗಿದ್ದಾಗ ನನಗೆ ಹೊಳೆದಿರಲಿಲ್ಲ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸಿನಲ್ಲಿ ಗೆಳೆಯರು ಕುಳಿತು ಗಂಟೆಗಟ್ಟಲೆ ಪಂಪ, ಕುಮಾರವ್ಯಾಸರನ್ನು ತೂಗಿ ನೋಡುತ್ತಿದ್ದೆವು. ಬಿಳಿಯ ಪೇಟ ಧರಿಸಿ ಕಾಫಿ ತಂದಿಡುತ್ತಿದ್ದ ಹಿರಿಯರೊಬ್ಬರು ಒಮ್ಮೆಯೂ ‘ಏಳಿ’ ಎನ್ನಲಿಲ್ಲ. ನಾವು ಮಾತ್ರ ಅವರನ್ನು ‘ಮಾಣಿ’ ಎಂದೇ ಕೂಗುತ್ತಿದ್ದೆವು. ಅವರು ಅಲ್ಲಿಯ ಆಳಲ್ಲ, ಪಾಲುದಾರರೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ.

ಇದು ಹೇಗೆ ಸಾಧ್ಯವಾಯಿತು? 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕಾಫಿಯ ಬೆಲೆ ಕುಸಿಯಿತು. ಪರದೇಶದ ಪೇಟೆಯನ್ನು ನೆಚ್ಚಿದ್ದ ಬೆಳೆಗಾರರು ಸ್ವದೇಶದಲ್ಲಿಯೇ ಕಾಫಿ ಕುಡಿಯುವವರನ್ನು ಹುಡುಕಬೇಕಾಯಿತು. ಆ ಉದ್ದೇಶದಿಂದ ಕಾಫಿ ಸೆಸ್ ಸಮಿತಿಯು 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಕಾಫಿ ಹೌಸನ್ನು ತೆರೆಯಿತು. ಮುಂದೆ ಕಾಫಿ ಮಂಡಲಿಯು ಈ ಕಾರ್ಯವನ್ನು ವಹಿಸಿಕೊಂಡು ಹಲವು ಊರುಗಳಿಗೆ ಹಬ್ಬಿಸಿತು. 1950ರ ದಶಕದ ನಡುವೆ ಮಂಡಲಿಯ ಧೋರಣೆ ಬದಲಾಗಿ ಕಾಫಿ ಹೌಸುಗಳನ್ನು ಮುಚ್ಚುವ ನಿರ್ಧಾರವಾಯಿತು. ಅಡಿಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು ಬೀದಿಗೆ ಬೀಳುವ ಕಾಲ ಬಂದಿತು.

ಇವರಿಗೆ ಇಂಡಿಯಾ ಕಾಫಿ ಬೋರ್ಡ್ ಲೇಬರ್ ಯೂನಿಯನ್ ಎಂಬ ಸಂಘವಿತ್ತು. ಆದರೆ ಮುಷ್ಕರವೆಂಬುದು ಕೆಲಸ ನಡೆಯುತ್ತಿರುವಲ್ಲಿ ಹೂಡುವ ಅಸ್ತ್ರ. ಬಾಗಿಲು ಮುಚ್ಚಲು ನಿಂತ ಧಣಿಯ ಮುಂದೆ ಅದು ಮೊಂಡು. ಆಗ ಕಮ್ಯುನಿಸ್ಟ್ ಮುಂದಾಳು ಎ. ಕೆ. ಗೋಪಾಲನ್ ಅವರು, ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಕಾಫಿ ಹೌಸುಗಳನ್ನು ನಡೆಸುವ ದಾರಿಯನ್ನು ತೋರಿದರು. ಅಂಥ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಅದೇ ವರ್ಷ ಅಕ್ಟೋಬರ್ 27ರಂದು ದೆಹಲಿಯಲ್ಲಿ, 1958ರ ಮಾರ್ಚ್ 8ರಂದು ಕೇರಳದ ತ್ರಿಶೂರಿನಲ್ಲಿ ಕೆಲಸಗಾರರದೇ ಆದ ಕಾಫಿ ಹೌಸುಗಳು ಬಾಗಿಲು ತೆರೆದವು.

ಇಲ್ಲೊಂದು ತೊಡಕುಂಟು. ಧಣಿಯೇ ಇಲ್ಲದ ಮೇಲೆ ಸಂಘವು ಯಾರೊಡನೆ ವಾದಿಸಬೇಕು? ಸಂಬಳ ಹೆಚ್ಚಿದರೆ ಕಾಫಿಯ ಬೆಲೆ ಏರಬೇಕು. ಬೆಲೆ ಏರಿದರೆ ಬಡ ವಿದ್ಯಾರ್ಥಿ ಇತ್ತ ಸುಳಿಯನು. ನಷ್ಟವಾದರೆ ದೂರಲು ಬೇರೊಬ್ಬನಿಲ್ಲ. ಹಕ್ಕನ್ನು ಕೇಳಿದ ಕೈಯೇ ಗಲ್ಲಾಪೆಟ್ಟಿಗೆಯ ಲೆಕ್ಕವನ್ನೂ ಒಪ್ಪಿಸಬೇಕು. ಇದು ಮುಷ್ಕರಕ್ಕಿಂತ ಕಠಿಣವಾದ ವ್ರತವೆಂದು ನನಗೆ ತೋರುತ್ತದೆ.

ಉದ್ಯಮ ಅವರದಾದರೂ ಕಟ್ಟಡ ಅವರದಾಗಿರಲಿಲ್ಲ. 2009ರಲ್ಲಿ ಕಾಫಿ ಹೌಸು ಮಹಾತ್ಮಾ ಗಾಂಧಿ ರಸ್ತೆಯನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಸಾಗಿತು. ನಮಗೆ ಎಂದೂ ‘ಏಳಿ’ ಎನ್ನದವರೇ ಅಲ್ಲಿಂದ ಏಳಬೇಕಾಯಿತು. ಆ ಹಿರಿಯರ ಹೆಸರನ್ನು ಅಂದು ನಾವು ಯಾರೂ ಕೇಳಲಿಲ್ಲವೆಂಬ ನಾಚಿಕೆ ಇಂದಿಗೂ ನನ್ನಲ್ಲಿ ಉಳಿದಿದೆ.