ಆಡುವವರಿಲ್ಲದ ಪಾತ್ರಗಳು

ಕಥೆಯಲ್ಲಿ ನಾಯಕನೊಬ್ಬನೇ ಇದ್ದರೆ ಕಥೆ ನಡೆಯದು. ಅವನು ಇಳಿದ ಕುದುರೆಯ ಲಗಾಮು ಹಿಡಿಯಲು ಒಬ್ಬ ಬೇಕು. ಹಸಿದು ಬಂದಾಗ ಅನ್ನವಿಕ್ಕಲು ಒಬ್ಬಳು ಬೇಕು. ಕೋಟೆಯ ಬಾಗಿಲಲ್ಲಿ ‘ಯಾರದು?’ ಎಂದು ಕೇಳಲು ಕಾವಲಿನವನೊಬ್ಬ ಬೇಕು. ಕಾವ್ಯದಲ್ಲಿ, ನಾಟಕದಲ್ಲಿ ಇಂಥವರನ್ನು ಕವಿ ತಾನೇ ಸೃಷ್ಟಿಸಿ, ಕೆಲಸ ಮುಗಿದೊಡನೆ ತಾನೇ ಬೀಳ್ಕೊಡುತ್ತಾನೆ. ಆದರೆ ನಾಲ್ಕಾರು ಜನ ಮೇಜಿನ ಸುತ್ತ ಕುಳಿತು, ಮುಂದೇನಾಗುವುದೆಂದು ಯಾರಿಗೂ ತಿಳಿಯದಂತೆ, ಬರಿಯ ಮಾತಿನಲ್ಲಿ ಕಟ್ಟುತ್ತ ಹೋಗುವ ಕಥೆಯಲ್ಲಿ ಈ ಸಣ್ಣವರ ಪಾಡೇನು? ಅವರನ್ನು ತರುವವರಾರು, ನುಡಿಸುವವರಾರು?

ಅಂಥ ಕಥೆಯಾಟವೊಂದು ಈಗ ಐವತ್ತು ವರ್ಷಗಳನ್ನು ದಾಟಿ ನಡೆದುಬಂದಿದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಪ್ರಕಟವಾಯಿತು. ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರವನ್ನು ವಹಿಸುತ್ತಾನೆ. ಆರು ಮುಖದ ಮೂರು ದಾಳಗಳನ್ನು ಉರುಳಿಸಿ ಬಲ, ಬುದ್ಧಿ, ವಿವೇಕ, ಚುರುಕು, ದೇಹದಾರ್ಢ್ಯ, ವರ್ಚಸ್ಸು ಎಂಬ ಆರು ಗುಣಗಳಿಗೆ 3ರಿಂದ 18ರವರೆಗೆ ಅಂಕಗಳನ್ನು ಪಡೆಯುವುದು ಮೊದಲಿನ ಪದ್ಧತಿ. ಆಟಗಾರರಲ್ಲದೆ ಇನ್ನೊಬ್ಬನಿರುತ್ತಾನೆ. ಅವನನ್ನು ಅಲ್ಲಿ ಡಂಜನ್ ಮಾಸ್ಟರ್ ಎನ್ನುತ್ತಾರೆ, ನಾವು ಸೂತ್ರಧಾರನೆನ್ನೋಣ. ಆಟಗಾರರು ನಾಲ್ವರಾದರೆ ಅವರ ಪಾತ್ರಗಳು ನಾಲ್ಕು. ಉಳಿದ ಲೋಕವೆಲ್ಲ ಸೂತ್ರಧಾರನೊಬ್ಬನ ನಾಲಗೆಯ ಮೇಲೆ. ರಾಜ, ಕಮ್ಮಾರ, ಕಳ್ಳ, ಪೂಜಾರಿ, ಛತ್ರದೊಡತಿ, ಇವರೆಲ್ಲ ‘ನಾನ್ ಪ್ಲೇಯರ್ ಕ್ಯಾರೆಕ್ಟರ್’ಗಳು, ಎಂದರೆ ಆಡುವವರಿಲ್ಲದ ಪಾತ್ರಗಳು.

ಒಬ್ಬ ಮನುಷ್ಯ ಒಂದು ಸಂಜೆ ಇಷ್ಟು ಜನರನ್ನು ಹೊತ್ತು ನಡೆಯುವುದು ಸುಲಭವಲ್ಲ. ಆದುದರಿಂದಲೇ ಸಿದ್ಧಪಾತ್ರಗಳು ಹುಟ್ಟಿಕೊಂಡವು. ಯಕ್ಷಗಾನದ ಅರ್ಥಧಾರಿಗೆ ಪ್ರಸಂಗದ ಪದ್ಯವಿದ್ದಂತೆ ಸೂತ್ರಧಾರನಿಗೆ ಅಚ್ಚಾದ ನಾಲ್ಕು ಸಾಲು, ಮಾತೆಲ್ಲ ಅವನದೇ. 1976ರಲ್ಲಿ ಜಡ್ಜಸ್ ಗಿಲ್ಡ್ ಎಂಬ ಸಂಸ್ಥೆ ಒಂದು ಇಡೀ ನಗರವನ್ನು ಅಂಗಡಿ ಅಂಗಡಿಯಾಗಿ, ಅಲ್ಲಿನ ಜನರ ಹೆಸರುಗಳೊಡನೆ ಅಚ್ಚುಮಾಡಿತು. 1979ರ ಸೂತ್ರಧಾರರ ಕೈಪಿಡಿಯಲ್ಲಿ ದಾಳ ಎಸೆದು ಸ್ವಭಾವವನ್ನು ನಿರ್ಣಯಿಸುವ ಪಟ್ಟಿಗಳು ಬಂದವು: ಪ್ರಾಮಾಣಿಕತೆ, ಧೈರ್ಯ, ಜಿಪುಣತನ, ದೈವಭಕ್ತಿ, ಏನನ್ನು ಕೂಡಿಡುವ ಹವ್ಯಾಸ, ಎಲ್ಲಕ್ಕೂ ಒಂದೊಂದು ಪಟ್ಟಿ. ಮರುವರ್ಷ, 1980ರಲ್ಲಿ, ಬ್ರಯಾನ್ ಬ್ಲೂಮ್ ಸಂಪಾದಿಸಿದ ‘ದಿ ರೋಗ್ಸ್ ಗ್ಯಾಲರಿ’ ಎಂಬ ಪುಸ್ತಕ ಹೊರಬಂದಿತು. ಅದರ ಬಹುಭಾಗ ಅಂಕಿಗಳ ಸಾಲು. ಒಂದೊಂದು ಸಾಲೂ ಒಬ್ಬೊಬ್ಬ ಯೋಧ, ಒಬ್ಬೊಬ್ಬ ಮಾಂತ್ರಿಕ. ಬೇಕಾದವನನ್ನು ಆರಿಸಿ ಕಥೆಯೊಳಗೆ ಇಳಿಸಬಹುದು.

ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಅಂಕಿಗಳ ಸಾಲಿನಿಂದ ಮನುಷ್ಯ ಎದ್ದುಬರುವನೆ? ಇದೇ ಆಟದ 2014ರ ಆವೃತ್ತಿಯ ಪ್ರಾಣಿಕೋಶದ ಅನುಬಂಧದಲ್ಲಿ ‘ಸಾಮಾನ್ಯ ಪ್ರಜೆ’ ಎಂಬ ಸಿದ್ಧಪಾತ್ರವಿದೆ. ಅವನ ಆರು ಗುಣಗಳಿಗೂ ಹತ್ತು ಹತ್ತೇ ಅಂಕ. ಅವನ ಪ್ರಾಣಕ್ಕೆ ಕೊಟ್ಟ ಅಂಕ ನಾಲ್ಕು. ಕೈಯಲ್ಲಿ ಒಂದು ದೊಣ್ಣೆ. ಕತ್ತಿಯ ಒಂದು ಪೆಟ್ಟಿಗೆ ಮುಗಿದುಹೋಗುವ ಜೀವ. ಉಳುವವನೂ ನೇಯುವವನೂ ಮಡಕೆ ಮಾಡುವವನೂ ಎಲ್ಲರೂ ಆ ಒಂದೇ ಅಚ್ಚಿನಲ್ಲಿ ಅಡಗಿದ್ದಾರೆ. ಯುದ್ಧದ ಲೆಕ್ಕಕ್ಕೆ ಇದು ಸಾಕು. ಆದರೆ ಅವನೊಡನೆ ಮಾತನಾಡಲು ಹೊರಟವನಿಗೆ ಇದರಿಂದ ಒಂದು ಪದವೂ ದೊರೆಯದು.

ಇದಕ್ಕೆ ಪ್ರತಿಯಾಗಿ ಗೈಗ್ಯಾಕ್ಸರೇ ಬರೆದ, 1981ರ ಪ್ರಾರಂಭಿಕ ಪೆಟ್ಟಿಗೆಯಲ್ಲಿ ಸೇರಿದ್ದ ‘ದಿ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಎಂಬ ಪ್ರಸಂಗವನ್ನು ನೋಡಬೇಕು. ನಾಡಿನ ಗಡಿಯಲ್ಲಿ ಒಂದು ಕೋಟೆ. ಅಲ್ಲಿನ ಕೋಟೆಯೊಡೆಯನಿಗೆ ಹೆಸರಿಲ್ಲ, ಕಮ್ಮಾರನಿಗಿಲ್ಲ, ವ್ಯಾಪಾರಿಗಿಲ್ಲ. ಕಸುಬೇ ಹೆಸರು. ಆದರೂ ಆ ಕೋಟೆಯಲ್ಲಿ ಇಬ್ಬರು ಧರ್ಮಾಧಿಕಾರಿಗಳಿದ್ದಾರೆ. ಒಬ್ಬ ಊರ ದೇವಾಲಯದವನು; ಇನ್ನೊಬ್ಬ ಹೊರಗಿನಿಂದ ಬಂದು ಬಿಡಾರ ಹೂಡಿದ ಹಸನ್ಮುಖಿ. ಈ ನಗುಮೊಗದವನು ನಿಜದಲ್ಲಿ ಗೂಢಚಾರ. ಸಾಹಸಿಗಳನ್ನು ಹಾಳುಮಾಡಲೆಂದೇ ಬಂದವನು. ದೇವಾಲಯದವನಿಗೆ ಅವನ ಮೇಲೆ ಅಪನಂಬಿಕೆ. ಆದರೆ ಗೆಳೆತನ ಬೆಳೆಯದೆ ಅವನು ಬಾಯಿ ಬಿಡುವವನಲ್ಲ. ಹೆಸರಿಲ್ಲದಿದ್ದರೇನು? ಒಬ್ಬನಲ್ಲಿ ಒಂದು ಗುಟ್ಟು, ಇನ್ನೊಬ್ಬನಲ್ಲಿ ಒಂದು ಶಂಕೆ. ಅಷ್ಟರಿಂದಲೇ ಇಬ್ಬರೂ ಉಸಿರಾಡತೊಡಗುತ್ತಾರೆ.

ಇ. ಎಂ. ಫಾರ್‌ಸ್ಟರ್ 1927ರಲ್ಲಿ ಕಾದಂಬರಿಯನ್ನು ಕುರಿತು ಮಾತನಾಡುತ್ತ ಪಾತ್ರಗಳನ್ನು ಚಪ್ಪಟೆಯವು, ದುಂಡನೆಯವು ಎಂದು ಎರಡಾಗಿ ವಿಂಗಡಿಸಿದ್ದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ದುಂಡನೆಯ ಪಾತ್ರ ನಮ್ಮನ್ನು ಅಚ್ಚರಿಗೊಳಿಸಬಲ್ಲದು. ಚಪ್ಪಟೆಯದು ಒಂದೇ ಭಾವದ ಸುತ್ತ ನಿಂತದ್ದು. ಈ ಆಟದಲ್ಲಿಯಾದರೋ ಚಪ್ಪಟೆಯಾಗಿ ಹುಟ್ಟಿದವನು ದುಂಡಗಾಗುವನೋ ಇಲ್ಲವೋ ಎಂಬುದು ಬರೆದವನ ಕೈಯಲ್ಲಿಲ್ಲ. ಎದುರು ಕುಳಿತ ಆಟಗಾರ ಅವನನ್ನು ಏನು ಕೇಳುತ್ತಾನೆ, ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದರಲ್ಲಿದೆ. ಆದ್ದರಿಂದ ಒಳ್ಳೆಯ ಸಿದ್ಧಪಾತ್ರವೆಂದರೆ ಪೂರ್ತಿ ಬರೆದ ಜೀವನಚರಿತ್ರೆಯಲ್ಲ. ಅವನಿಗೆ ಏನು ಬೇಕು, ಯಾವುದರ ಅಂಜಿಕೆ, ಯಾವುದನ್ನು ಬಾಯಿಬಿಟ್ಟು ಹೇಳಲೊಲ್ಲ, ಈ ಮೂರು ಸಾಲು ಇದ್ದರೆ ಸಾಕು. ಎರಡು ಪುಟ ವಂಶಾವಳಿ ಕೊಟ್ಟರೆ ಸೂತ್ರಧಾರನು ಅದನ್ನು ಓದುತ್ತ ಕೂರಬೇಕಾದೀತು. ಪಾತ್ರವೂ ಅವನೊಡನೆ ಕುಳಿತೇಬಿಡುತ್ತದೆ.

ಇಲ್ಲಿ ಕಲೆಯ ಪ್ರಶ್ನೆಯೊಂದೇ ಇಲ್ಲ. ತನ್ನ ಪರವಾಗಿ ದಾಳ ಎಸೆಯುವ ಗೆಳೆಯನಿಲ್ಲದ ಈ ಪಾತ್ರವನ್ನು ಆಟಗಾರ ಕಲ್ಲುಮಣ್ಣಿನಂತೆ ಬಳಸಬಹುದು. ಬಲೆಯಿರುವ ಓಣಿಯಲ್ಲಿ ಕೂಲಿಯವನನ್ನು ಮುಂದೆ ನೂಕಬಹುದು, ಸತ್ತರೆ ಇನ್ನೊಬ್ಬ. ಆಟದ ನಿಯಮಕಾರರಿಗೆ ಇದು ಹೊಳೆಯದೆ ಹೋಗಿಲ್ಲ. 1981ರ ನಿಯಮಗಳಲ್ಲಿ ಪ್ರತಿಯೊಬ್ಬ ಅನುಚರನಿಗೂ ಧೈರ್ಯದ ಅಂಕವೊಂದಿದೆ. ಅದು ನಿರ್ಣಯವಾಗುವುದು ಒಡೆಯನ ವರ್ಚಸ್ಸಿನಿಂದ: ವರ್ಚಸ್ಸು 3 ಆದರೆ ಅನುಚರನ ಧೈರ್ಯ 4, ವರ್ಚಸ್ಸು 18 ಆದರೆ 10. ಅಪಾಯ ಬಂದಾಗ ಸೂತ್ರಧಾರನು ಎರಡು ದಾಳ ಎಸೆಯುತ್ತಾನೆ. ಮೊತ್ತ ಆ ಅಂಕವನ್ನು ಮೀರಿತೋ, ಆಳು ಓಡಿಹೋಗಬಹುದು. ನಡೆಸಿಕೊಂಡ ರೀತಿಗೆ ತಕ್ಕಂತೆ ಆ ಅಂಕವನ್ನು ಏರಿಳಿಸುವ ಅಧಿಕಾರವೂ ಸೂತ್ರಧಾರನಿಗುಂಟು. ‘ಒಲ್ಲೆ’ ಎನ್ನುವ ಹಕ್ಕು ಕೂಲಿಯವನಿಗೂ ಉಂಟೆಂದು ಆ ಎರಡು ದಾಳಗಳು ಹೇಳುತ್ತವೆ.

ಈ ಆಟದ ಚರಿತ್ರೆಯಲ್ಲೇ ಇದಕ್ಕೊಂದು ನಿದರ್ಶನವಿದೆ. 1970ರ ದಶಕದಲ್ಲಿ ಗೈಗ್ಯಾಕ್ಸರು ಮಾರ್ಡೆನ್‌ಕೈನೆನ್ ಎಂಬ ಮಾಂತ್ರಿಕನ ಪಾತ್ರ ವಹಿಸಿ ಆಡುತ್ತಿದ್ದರು. ರಾಬ್ ಕುಂಟ್ಸ್ ಸೂತ್ರಧಾರ. ದಾರಿಯಲ್ಲಿ ಬಿಗ್ಬಿ ಎಂಬ ದುಷ್ಟನಾದ ಸಣ್ಣ ಮಾಂತ್ರಿಕನೊಬ್ಬ ಎದುರಾದ. ಅವನು ಆಡುವವರಿಲ್ಲದ ಪಾತ್ರ. ಮಾರ್ಡೆನ್‌ಕೈನೆನ್ ಅವನನ್ನು ಕೊಲ್ಲಲಿಲ್ಲ. ವಶೀಕರಣದಿಂದ ಗೆದ್ದು ಸೇವಕನನ್ನಾಗಿ ಮಾಡಿಕೊಂಡ. ಅನೇಕ ಸಾಹಸಗಳಲ್ಲಿ ಜೊತೆಗೆ ಕರೆದೊಯ್ದ. ಕೊನೆಗೆ ಕೇಡಿನ ದಾರಿಯನ್ನು ಬಿಡುವಂತೆ ಅವನ ಮನಸ್ಸನ್ನು ಒಲಿಸಿದ. ಇನ್ನು ಇವನು ಶತ್ರುವಲ್ಲ, ನಂಬಿಗಸ್ತ ಅನುಚರ ಎಂದು ಕುಂಟ್ಸ್ ತೀರ್ಪು ಕೊಟ್ಟರು. ಅಂದಿನಿಂದ ಬಿಗ್ಬಿಯ ಪಾತ್ರವನ್ನೂ ಗೈಗ್ಯಾಕ್ಸರೇ ಆಡಬಹುದಾಯಿತು. 1978ರ ಆಟಗಾರರ ಕೈಪಿಡಿಯಲ್ಲಿ ಹಸ್ತದ ಆಕಾರದ ಮಂತ್ರಗಳು ಬಿಗ್ಬಿಯ ಹೆಸರಿನಲ್ಲಿ ಅಚ್ಚಾದವು, 1980ರ ‘ರೋಗ್ಸ್ ಗ್ಯಾಲರಿ’ಯಲ್ಲಿ ಅವನಿಗೆ ಸ್ಥಾನ ದೊರೆಯಿತು, 2023ರಲ್ಲಿ ದೈತ್ಯರನ್ನು ಕುರಿತ ಪುಸ್ತಕವೊಂದು ಅವನ ಹೆಸರನ್ನೇ ಹೊತ್ತು ಬಂದಿತು.

ಅಂದು ಕೊಂದಿದ್ದರೆ ಅವನ ಚೀಲದಲ್ಲಿದ್ದ ನಾಲ್ಕು ಕಾಸು ಸಿಕ್ಕುತ್ತಿತ್ತು. ಆಟ ಮುಂದಿನ ಕೋಣೆಗೆ ಸಾಗುತ್ತಿತ್ತು. ಕಳೆದುಕೊಂಡದ್ದೇನೆಂದು ಮೇಜಿನ ಸುತ್ತ ಕುಳಿತವರಾರಿಗೂ ತಿಳಿಯುತ್ತಿರಲಿಲ್ಲ.