ನಿಮಗಿದು ಗೊತ್ತೆ? ಕರಾವಳಿಯ ಬಂಡೆಯೊಳಗಿದೆ ದೇಶದ ತೈಲ ಭಂಡಾರ!

ಯುದ್ಧದಿಂದಲೋ ಸಮುದ್ರಮಾರ್ಗದ ತಡೆಯಿಂದಲೋ ತೈಲದ ಹಡಗುಗಳು ಬಾರದಿದ್ದರೆ? ಬೇಕಾದ ಕಚ್ಚಾ ತೈಲದ ಶೇ 85ಕ್ಕೂ ಹೆಚ್ಚು ಪಾಲನ್ನು ಆಮದು ಮಾಡಿಕೊಳ್ಳುವ ಭಾರತ, ಅಂಥ ಆಪತ್ಕಾಲಕ್ಕೆಂದು ನೆಲದಡಿ ತೈಲ ಕೂಡಿಡುತ್ತದೆ.

● ಭಂಡಾರಗಳು ಮೂರು: ಉಡುಪಿ ಜಿಲ್ಲೆಯ ಪಾದೂರು (25 ಲಕ್ಷ ಟನ್), ಮಂಗಳೂರು (15 ಲಕ್ಷ ಟನ್), ವಿಶಾಖಪಟ್ಟಣ (13.3 ಲಕ್ಷ ಟನ್). ಅಂದರೆ ಮುಕ್ಕಾಲು ಪಾಲು ಸಾಮರ್ಥ್ಯ ಕರ್ನಾಟಕದ್ದೇ!

● ತೈಲ ತುಂಬುವುದು ಉಕ್ಕಿನ ಟ್ಯಾಂಕಿಗಲ್ಲ, ಗಟ್ಟಿ ಬಂಡೆ ಕೊರೆದು ಮಾಡಿದ ಬೃಹತ್ ಗುಹೆಗಳಿಗೆ.

● ಸೋರುವುದಿಲ್ಲವೆ? ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ನೀರಿನ ಒತ್ತಡ ತೈಲದ ಒತ್ತಡಕ್ಕಿಂತ ಹೆಚ್ಚಿರುವಂತೆ ನೋಡಿಕೊಳ್ಳುತ್ತಾರೆ. ಹಾಗಾಗಿ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ತೈಲ ಹೊರಕ್ಕೆ ಹೋಗದು. ಒಳಬಂದ ನೀರನ್ನು ಪಂಪ್‌ನಿಂದ ಎತ್ತುತ್ತಾರೆ.

● 2020ರ ಲಾಕ್‌ಡೌನ್ ವೇಳೆ ಬೆಲೆ ಕುಸಿದಾಗ ಇವನ್ನು ತುಂಬಿಸಿ, ಸರ್ಕಾರದ ಲೆಕ್ಕದಂತೆ ₹5,000 ಕೋಟಿ ಉಳಿಸಲಾಯಿತು.

● ಮೂರೂ ಭರ್ತಿಯಿದ್ದರೆ ದೇಶಕ್ಕೆ ಸಾಲುವುದು ಸುಮಾರು ಒಂಬತ್ತೂವರೆ ದಿನ. ತೈಲ ಕಂಪನಿಗಳ ದಾಸ್ತಾನು ಇದಕ್ಕೆ ಹೊರತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ರಾಷ್ಟ್ರಗಳಿಗೆ ವಿಧಿಸಿರುವ ಕನಿಷ್ಠ ಮಿತಿ, 90 ದಿನಗಳ ನಿವ್ವಳ ಆಮದಿಗೆ ಸಮನಾದ ದಾಸ್ತಾನು.