ಮಾಯಾದಂಡದ ಕಥೆಗಳನ್ನು ಮಕ್ಕಳು ಓದಬಹುದೇ?

ಭಾನುವಾರದ ಬಲಿಪೂಜೆ ಮುಗಿದ ಮೇಲೆ ತಂದೆತಾಯಂದಿರು ನಮ್ಮನ್ನು ತಡೆದು ಕೇಳುವ ಪ್ರಶ್ನೆಗಳ ಸಾಲಿಗೆ ಈಚೆಗೆ ಹೊಸದೊಂದು ಸೇರಿಕೊಂಡಿದೆ. "ಫಾದರ್, ನಮ್ಮ ಮಕ್ಕಳು ಮಾಟಗಾರರ ಕಾದಂಬರಿ ಓದುತ್ತಾರೆ. ಇದು ಪಾಪವಲ್ಲವೇ?" ಎಂಬುದೇ ಆ ಪ್ರಶ್ನೆ. ಹ್ಯಾರಿ ಪಾಟರ್, ನಾರ್ನಿಯಾ, ಲಾರ್ಡ್ ಆಫ್ ದ ರಿಂಗ್ಸ್ ಮುಂತಾದ ಹೆಸರುಗಳು ಪಟ್ಟಣದ ಕಾನ್ವೆಂಟುಗಳನ್ನು ದಾಟಿ ಸೊರಬ, ಶಿಕಾರಿಪುರ ಸೀಮೆಯ ಅಡಿಕೆ ತೋಟದ ಮನೆಗಳನ್ನೂ ತಲುಪಿವೆ.

ಕೇಳುವವರ ಬಳಿ ಪವಿತ್ರ ಗ್ರಂಥದ ಆಧಾರವೂ ಇರುತ್ತದೆ. ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವು ಕಣಿ ಹೇಳುವುದನ್ನೂ ಮಾಟ ಮಾಡುವುದನ್ನೂ ನಿಷೇಧಿಸುತ್ತದೆ. ಪ್ರೇಷಿತರ ಕಾರ್ಯಕಲಾಪಗಳ 19ನೆಯ ಅಧ್ಯಾಯದಲ್ಲಿ ಎಫೆಸದ ಮಾಟಗಾರರು ಐವತ್ತು ಸಾವಿರ ಬೆಳ್ಳಿ ನಾಣ್ಯ ಬೆಲೆಬಾಳುವ ತಮ್ಮ ಗ್ರಂಥಗಳನ್ನು ಎಲ್ಲರೆದುರಿಗೆ ಸುಟ್ಟ ಪ್ರಸಂಗವಿದೆ. ಆದರೆ ಅಲ್ಲಿ ಸುಟ್ಟದ್ದು ಕಥೆಯ ಪುಸ್ತಕಗಳನ್ನಲ್ಲ. ಮಾಟವನ್ನು ಹೇಗೆ ಮಾಡಬೇಕೆಂದು ಕಲಿಸುವ ಕೈಪಿಡಿಗಳನ್ನು. ಕಥೆಯೊಳಗಿನ ಮಾಂತ್ರಿಕನಿಗೂ ಕೈಪಿಡಿಯ ಮಾಂತ್ರಿಕನಿಗೂ ಇರುವ ಅಂತರವನ್ನು ಮರೆತರೆ ಚರ್ಚೆ ಮುಂದುವರಿಯಲಾರದು. ಪ್ರಸಂಗವಶಾತ್ ಒಂದು ಮಾತು: ಎಮ್ಮೆ ಹಾಲು ಬತ್ತಿಸಿಕೊಂಡಾಗ ಕತ್ತಲಾದ ಮೇಲೆ ಯಂತ್ರ ಕಟ್ಟಿಸಿಕೊಳ್ಳಲು ಹೋಗುವವರು ಕಾದಂಬರಿ ಓದುವ ಹದಿನೇಳರ ಮಕ್ಕಳಲ್ಲ. ಅವರು ಯಾರೆಂಬುದು ನಮಗೂ ಗೊತ್ತು, ಅವರಿಗೂ ಗೊತ್ತು.

ಧರ್ಮಸಭೆಯ ನಿಲುವೇನೆಂದು ಕೇಳುವವರಿಗೆ ಚರಿತ್ರೆಯನ್ನು ಸ್ವಲ್ಪ ನೆನಪಿಸಬೇಕಾಗುತ್ತದೆ. ನಿಷಿದ್ಧ ಗ್ರಂಥಗಳ ಪಟ್ಟಿಯೊಂದು ನಾಲ್ಕನೆಯ ಪೌಲರ ಕಾಲದಲ್ಲಿ, 1559ರಲ್ಲಿ ಹೊರಬಂದಿತು. ಆರನೆಯ ಪೌಲರ ಕಾಲದಲ್ಲಿ, 1966ರಲ್ಲಿ ಅದರ ಶಾಸನಬಲ ಕೊನೆಗೊಂಡಿತು. ಹ್ಯಾರಿ ಪಾಟರ್ ವಿಷಯದಲ್ಲಿ 2003ರಲ್ಲಿ ಎರಡು ಭಿನ್ನ ಧ್ವನಿಗಳು ಕೇಳಿಬಂದವು. ವ್ಯಾಟಿಕನ್ನಿನ ಪತ್ರಿಕಾಗೋಷ್ಠಿಯೊಂದರಲ್ಲಿ ಫಾದರ್ ಪೀಟರ್ ಫ್ಲೀಟ್‌ವುಡ್ ಅವರು, ಈ ಪುಸ್ತಕಗಳು ಒಳಿತು ಕೆಡುಕುಗಳ ಭೇದವನ್ನು ಮಕ್ಕಳಿಗೆ ತಿಳಿಸುತ್ತವೆ ಎಂಬ ಅರ್ಥದ ಮಾತಾಡಿದರು. ಮುಂದೆ ಹದಿನಾರನೆಯ ಬೆನೆಡಿಕ್ಟರಾದ ಕಾರ್ಡಿನಲ್ ರಾಟ್ಸಿಂಗರ್ ಅವರು ಅದೇ ವರ್ಷ ಜರ್ಮನ್ ಲೇಖಕಿಯೊಬ್ಬರಿಗೆ ಬರೆದ ಖಾಸಗಿ ಪತ್ರದಲ್ಲಿ, ಕಣ್ಣಿಗೆ ಬೀಳದ ಆಕರ್ಷಣೆಗಳ ಬಗೆಗೆ ಎಚ್ಚರವನ್ನು ಮೆಚ್ಚಿಕೊಂಡರು. ಇವೆರಡೂ ಅಭಿಪ್ರಾಯಗಳು, ಯಾವುದೂ ವಿಶ್ವಾಸದ ಬೋಧನೆಯಲ್ಲ. ನಾವಾದರೋ ನಾಲ್ಕನೆಯ ಶತಮಾನದ ಸಂತ ಬೆಸಿಲರ ಪಕ್ಷ. ಕ್ರೈಸ್ತ ಯುವಕರು ಗ್ರೀಕ್ ಕವಿಗಳ ದೇವದೇವತೆಗಳ ಕಥೆಗಳನ್ನು ಓದಬಹುದೇ ಎಂಬ ಇಂಥದೇ ಪ್ರಶ್ನೆಗೆ ಅವರು, ಜೇನುಹುಳು ಹೂವನ್ನು ಆರಿಸುವಂತೆ ಆರಿಸಿ ಓದಿರಿ ಎಂದು ಬುದ್ಧಿ ಹೇಳಿದ್ದರು. ಆದರೆ ಹುಳು ಯಾವ ಹೂವಿನಿಂದ ಏನನ್ನು ತಂದಿದೆಯೆಂದು ತಿಳಿಯಬೇಕಾದರೆ ಗೂಡಿನೊಳಗೆ ನೋಡಬೇಕಷ್ಟೆ.

ಕುಪ್ಪಗಡ್ಡೆಯ ಕುಟುಂಬವೊಂದರಲ್ಲಿ ನಮಗೆ ಆ ಅವಕಾಶ ಒದಗಿತು. ದ್ವಿತೀಯ ಪಿಯುಸಿ ಓದುತ್ತಿರುವ ಮಗಳಿಗೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣ ಹಳೆಯ ಪುಸ್ತಕಗಳನ್ನು ಕೊಂಡು ತಂದುಕೊಡುತ್ತಿದ್ದ. ಕನ್ನಡ ಮಾಧ್ಯಮದಲ್ಲಿ ಬೆಳೆದ ಹುಡುಗಿ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದುತ್ತಿದ್ದಳು. ಮುಖಪುಟದ ಮೇಲಿನ ಮಾಂತ್ರಿಕರ ಚಿತ್ರಗಳನ್ನು ಕಂಡು ಬೆದರಿದ ತಾಯಿ ಅವನ್ನೆಲ್ಲ ಟ್ರಂಕಿಗೆ ತುಂಬಿ ಬೀಗ ಹಾಕಿದ್ದರು. ಎರಡು ವಾರಗಳಿಂದ ತಾಯಿ ಮಗಳ ನಡುವೆ ಮಾತಿರಲಿಲ್ಲ. "ನೀವೇ ಹೇಳಿ ಬಿಡಿಸಿ ಫಾದರ್, ನನ್ನ ಮಾತು ಕೇಳುವುದಿಲ್ಲ" ಎಂದು ಆ ತಾಯಿ ನಮ್ಮನ್ನು ಕರೆಸಿದ್ದರು. ನಾವು ಬಿಡಿಸುವುದಕ್ಕೆ ಮೊದಲು, ಈ ಕಥೆಗಳಲ್ಲಿ ನಿನಗೆ ಯಾರು ಇಷ್ಟ, ಯಾರು ಇಷ್ಟವಿಲ್ಲ ಎಂದು ಮಗಳನ್ನು ಕೇಳಿದೆವು.

ಅವಳು ಮೊದಲು ಎತ್ತಿದ ಹೆಸರು ಸ್ನೇಪ್. ಹ್ಯಾರಿ ಪಾಟರ್ ಮಾಲೆಯ ಏಳು ಸಂಪುಟಗಳು 1997ರಿಂದ 2007ರವರೆಗೆ ಹೊರಬಂದವು. ಅವುಗಳಲ್ಲಿ ಈ ಅಧ್ಯಾಪಕ ಕೊನೆಯವರೆಗೂ ದುಷ್ಟನಂತೆ ಕಾಣುತ್ತಾನೆ. ನಾಯಕನ ತಾಯಿಯ ಮೇಲಿನ ಪ್ರೀತಿಯಿಂದ ಪ್ರಾಣವನ್ನೇ ಪಣವಾಗಿಟ್ಟವನು ಅವನೆಂಬುದು ಕೊನೆಯ ಸಂಪುಟದಲ್ಲಿ ತಿಳಿಯುತ್ತದೆ. ಓದುಗರಲ್ಲಿ ಬಹಳ ಮಂದಿ ಅಲ್ಲಿ ಅವನನ್ನು ಕ್ಷಮಿಸಿಬಿಡುತ್ತಾರೆ. ಇವಳು ಕ್ಷಮಿಸಲಿಲ್ಲ. "ಒಬ್ಬಳನ್ನು ಪ್ರೀತಿಸಿದ ಅಂತ ತರಗತಿಯಲ್ಲಿ ನೆವಿಲ್‌ನನ್ನು ದಿನಾ ಅವಮಾನ ಮಾಡಿದ್ದು ಸರಿಯಾಗುತ್ತದೆಯೇ ಫಾದರ್? ಆ ಹುಡುಗನಿಗೆ ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚು ಭಯ ಇದ್ದದ್ದು ಮೇಷ್ಟರದ್ದು" ಎಂದಳು. ಅನಂತರ ಸ್ವಲ್ಪ ತಡೆದು, ತಾನು ಹೈಸ್ಕೂಲಿನಲ್ಲಿದ್ದಾಗ ಇಂಗ್ಲಿಷ್ ಪಾಠವನ್ನು ತಪ್ಪಾಗಿ ಓದಿದ್ದಕ್ಕೆ ಒಬ್ಬ ಅಧ್ಯಾಪಕರು ವರ್ಷವಿಡೀ ತನ್ನನ್ನು ಅಡ್ಡಹೆಸರಿನಿಂದ ಕರೆದು ತರಗತಿಯನ್ನು ನಗಿಸುತ್ತಿದ್ದರೆಂದು ಹೇಳಿದಳು. ಆ ಹಟದಿಂದಲೇ ನಿಘಂಟು ಹಿಡಿದು ಕುಳಿತದ್ದಂತೆ. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಈ ಸಂಗತಿ ಅವರ ಕಿವಿಗೆ ಬಿದ್ದದ್ದು ಅದೇ ಮೊದಲು. "ಆವಾಗಲೇ ಯಾಕೆ ಹೇಳಲಿಲ್ಲ?" ಎಂದರು. "ಹೇಳಿದ್ದರೆ ಶಾಲೆ ಬಿಡಿಸುತ್ತಿದ್ದೆ" ಎಂದಳು ಮಗಳು.

ಒಳಿತನ್ನು ಗುಟ್ಟಾಗಿ ಮಾಡಿದವನು ಬಹಿರಂಗವಾಗಿ ಮಾಡಿದ ಅನ್ಯಾಯಕ್ಕೆ ಹೊಣೆಯಲ್ಲವೇ ಎಂಬುದು ನೀತಿಶಾಸ್ತ್ರದ ಸಣ್ಣ ಪ್ರಶ್ನೆಯೇನಲ್ಲ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಇಂಥ ಪ್ರಶ್ನೆಗಳ ಮೇಲೆ ನಾವು ದಪ್ಪ ಪುಸ್ತಕಗಳನ್ನು ತಿರುವಿದ್ದುಂಟು.

ಸಿ. ಎಸ್. ಲೂಯಿಸರ ನಾರ್ನಿಯಾ ಮಾಲೆಯಲ್ಲಿ ಅವಳ ಸಿಟ್ಟು ಪಾತ್ರದ ಮೇಲಲ್ಲ, ಲೇಖಕರ ಮೇಲೆ. 1956ರಲ್ಲಿ ಬಂದ ಕೊನೆಯ ಪುಸ್ತಕದಲ್ಲಿ ಸೂಸನ್ ಎಂಬ ಅಕ್ಕ ಅಲಂಕಾರ, ಔತಣಕೂಟಗಳ ಗೀಳಿಗೆ ಬಿದ್ದು ನಾರ್ನಿಯಾವನ್ನು ಮರೆತಳೆಂದು ಕೆಲವೇ ಸಾಲುಗಳಲ್ಲಿ ಮುಗಿಸಲಾಗಿದೆ. ಸಿಹಿತಿಂಡಿಯ ಆಸೆಗೆ ಒಡಹುಟ್ಟಿದವರಿಗೇ ದ್ರೋಹ ಬಗೆದ ಎಡ್ಮಂಡನಿಗೆ ಕ್ಷಮೆ ದೊರೆಯಿತು, ತುಟಿಗೆ ಬಣ್ಣ ಹಚ್ಚಿದವಳಿಗೆ ಇಲ್ಲವೇ ಎಂಬುದು ಇವಳ ವಾದ. ಲೂಯಿಸರು 1957ರಲ್ಲಿ ಒಬ್ಬ ಬಾಲಕನಿಗೆ ಬರೆದ ಪತ್ರದಲ್ಲಿ, ಸೂಸನ್ನಳಿಗೂ ಕಾಲವಿದೆ, ಅವಳೂ ತನ್ನದೇ ದಾರಿಯಲ್ಲಿ ಬಂದಾಳು ಎಂಬ ಆಶಯವನ್ನು ತಿಳಿಸಿದ್ದರೆಂದು ನಾವು ಹೇಳಿದೆವು. "ಹಾಗಾದರೆ ಪುಸ್ತಕದಲ್ಲೇ ಬರೆಯಬೇಕಿತ್ತು" ಎಂದಳು. ನಮಗೂ ಹಾಗೆಯೇ ತೋರುತ್ತದೆ.

ಅವಳಿಗೆ ಅತ್ಯಂತ ಪ್ರಿಯನಾದವನು ಟೋಲ್ಕಿನ್ನರ ಸ್ಯಾಮ್. ಟೋಲ್ಕಿನ್ನರು ನಮ್ಮವರೇ. 1900ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದ ಅವರ ತಾಯಿ 1904ರಲ್ಲಿ ತೀರಿಕೊಂಡಾಗ, ಬರ್ಮಿಂಗ್‌ಹ್ಯಾಮಿನ ಫಾದರ್ ಫ್ರಾನ್ಸಿಸ್ ಮಾರ್ಗನ್ ಎಂಬ ಗುರುಗಳು ತಬ್ಬಲಿ ಮಕ್ಕಳ ಪೋಷಣೆಯ ಹೊಣೆ ಹೊತ್ತರು. ತೊಟ್ಟವನನ್ನು ಕಾಣದಂತೆ ಮಾಡುವ ಉಂಗುರದ ಕಥೆ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಪ್ಲೇಟೋನ 'ಗಣರಾಜ್ಯ'ದ ಎರಡನೆಯ ಭಾಗದಲ್ಲಿ ಒಬ್ಬ ಕುರುಬ ಅಂಥ ಉಂಗುರ ಪಡೆದು ರಾಜನನ್ನು ಕೊಂದು ಪಟ್ಟವೇರುತ್ತಾನೆ. ಯಾರೂ ಕಾಣದಾಗಲೂ ಮನುಷ್ಯ ನ್ಯಾಯವಂತನಾಗಿ ಉಳಿದಾನೇ ಎಂಬುದು ಅಲ್ಲಿಯ ಪ್ರಶ್ನೆ. ಟೋಲ್ಕಿನ್ನರ ಕಥೆಯಲ್ಲಿ ಆ ಪರೀಕ್ಷೆ ಕೊನೆಗೆ ತೋಟದ ಆಳಿಗೂ ಬರುತ್ತದೆ. ಕ್ಷಣಕಾಲ ಉಂಗುರ ಕೈಗೆ ಬಂದಾಗ, ಬರಡು ಸೀಮೆಯನ್ನೆಲ್ಲ ಹೂತೋಟ ಮಾಡಿ ತಾನೇ ಒಡೆಯನಾಗುವ ದೃಶ್ಯ ಸ್ಯಾಮ್‌ನ ಕಣ್ಣಿಗೆ ಕಟ್ಟುತ್ತದೆ. ತನ್ನ ಕೈಯಿಂದ ಆರೈಕೆ ಮಾಡಬಲ್ಲ ಚಿಕ್ಕ ತೋಟವೊಂದೇ ತನಗೆ ಸಾಕೆಂದು ಅವನು ಆ ಆಸೆಯನ್ನು ದೂರ ಸರಿಸುತ್ತಾನೆ. "ನಮ್ಮ ಕಡೆ ಹೀಗೆ ಸಾಕು ಅಂದವರನ್ನು ನಾನು ನೋಡಿಲ್ಲ ಫಾದರ್" ಎಂದಳು. ವರ್ಷವರ್ಷವೂ ಬೇಲಿ ಒಂದೊಂದು ಮಾರು ಕಾಡಿನೊಳಕ್ಕೆ ಜರುಗುವ ಸೀಮೆಯಲ್ಲಿ ಹುಟ್ಟಿದವಳ ಮಾತಿದು.

ಫ್ರೋಡೊನ ವಿಷಯದಲ್ಲಿ ಮಾತ್ರ ನಮಗೂ ಅವಳಿಗೂ ಒಮ್ಮತ ಬರಲಿಲ್ಲ. ಅಗ್ನಿಪರ್ವತದ ಅಂಚಿನವರೆಗೆ ಉಂಗುರವನ್ನು ಹೊತ್ತು ತಂದವನು ಅದನ್ನು ಬಿಸುಡಲಾರದೆ ತನ್ನದೆಂದು ಸಾರುತ್ತಾನೆ. ಗೊಲ್ಲಮ್ ಅವನ ಬೆರಳನ್ನೇ ಕಚ್ಚಿ ಉಂಗುರ ಕಸಿದು ಬೆಂಕಿಗೆ ಉರುಳುತ್ತಾನೆ. ಕೊಲ್ಲಲು ಅವಕಾಶವಿದ್ದಾಗ ಕರುಣೆಯಿಂದ ಗೊಲ್ಲಮ್‌ನನ್ನು ಉಳಿಸಿದ್ದರಿಂದಲೇ ಕೊನೆಗೆ ಕಾರ್ಯ ಕೈಗೂಡಿತು, ಸೋತವನನ್ನೂ ಕೃಪೆ ಹೀಗೆ ಎತ್ತುತ್ತದೆ ಎಂದೆವು. ಉಂಗುರ ನಾಶವಾದ ದಿನ ಮಾರ್ಚ್ 25, ನಮ್ಮ ಮಂಗಳವಾರ್ತೆಯ ಹಬ್ಬವೆಂಬುದನ್ನೂ ತೋರಿಸಿಕೊಟ್ಟೆವು. "ತಾರೀಖು ಉತ್ತರವಾಗುತ್ತದೆಯೇ? ಸೋತವನು ಸೋತವನೇ. ಆಮೇಲೆ ಅವನಿಗೆ ಊರಿನಲ್ಲಿ ಸುಖವಾಗಿರಲಿಕ್ಕೆ ಆಗಲಿಲ್ಲವಲ್ಲ" ಎಂದಳು. ಆ ಕೊನೆಯ ಮಾತು ನಿಜವೇ.

ಕಥೆಯಲ್ಲಿ ಮಾಯೆಯಿದೆಯೇ ಎಂದು ಕೇಳುವ ತಂದೆತಾಯಂದಿರು, ಆ ಶಕ್ತಿ ಯಾರ ಕೈಗೆ ಬಂತು, ಯಾರು ಅದನ್ನು ಬೇಡವೆಂದರು ಎಂದು ಮಕ್ಕಳನ್ನು ಕೇಳಿ ನೋಡಲಿ. ಶಮರಿಯದ ಸಿಮೋನನು ಪ್ರೇಷಿತರಿಗೆ ಹಣ ನೀಡಿ ದೈವಶಕ್ತಿಯನ್ನು ಕೊಳ್ಳಹೋದಾಗ ಪೇತ್ರನು ಖಂಡಿಸಿದ್ದು ಆ ಆಸೆಯನ್ನೇ. ನಮ್ಮ ತಲೆಮಾರಿನವರಿಗಂತೂ ಇಂಥ ಪ್ರಶ್ನೆಗಳನ್ನು ಕೇಳುವುದು ಕಷ್ಟವಾಗಬಾರದು. 1949ರಿಂದ ಕನ್ನಡದಲ್ಲಿ ಬರತೊಡಗಿದ 'ಚಂದಮಾಮ'ದ ಮಾಂತ್ರಿಕರ ಧಾರಾವಾಹಿಗಳನ್ನು ಓದಿಕೊಂಡೇ ನಾವು ಬೆಳೆದೆವು. ಅಲ್ಲಿ ಬೇತಾಳನು ಕಥೆ ಹೇಳಿ ಸುಮ್ಮನಾಗುತ್ತಿರಲಿಲ್ಲ. ಇವರಲ್ಲಿ ಯಾರು ಹೆಚ್ಚಿನವರೆಂದು ಕೇಳಿಯೇ ತೀರುತ್ತಿದ್ದ.

ಆ ಪತ್ರಿಕೆ ಈಗಿಲ್ಲ. ಕನ್ನಡದಲ್ಲಿ ತನ್ನ ವಯಸ್ಸಿನವರಿಗೆ ಇಂಥ ಕಾದಂಬರಿಗಳು ಏಕಿಲ್ಲವೆಂದು ಅವಳು ಕೇಳಿದಾಗ, ಪಕ್ಕದ ಸಾಗರದಲ್ಲಿದ್ದ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಎಂಬ ಮಕ್ಕಳ ಕಾದಂಬರಿಯನ್ನು ಹೆಸರಿಸಿದೆವು. ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕೃತಿಯದು. ಆದರೆ ಅದು ಮಾಂತ್ರಿಕರ ಲೋಕದ ಕಥೆಯಲ್ಲ. ಮಾಂತ್ರಿಕ ಲೋಕವೇ ಬೇಕೆಂದರೆ ಹೆಚ್ಚು ದೂರ ಹೋಗಬೇಕಾಗಿಲ್ಲ. ಕನಸಿನಲ್ಲಿ ಕಂಡ ರಾಜಕುಮಾರಿಯನ್ನು ಅರಸಿ ಹೊರಡುವ, ನೇಮಿಚಂದ್ರನ 'ಲೀಲಾವತಿ'ಯ ನಾಯಕ ಬನವಾಸಿಯ ಕದಂಬ ರಾಜಕುಮಾರ. ಹನ್ನೆರಡನೆಯ ಶತಮಾನದ ಆ ಚಂಪೂಕಾವ್ಯವನ್ನು ನಿಘಂಟು ಹಿಡಿದೂ ಓದುವುದು ಕಷ್ಟ. ಆದ್ದರಿಂದ ಚಾಮರಸನ 'ಪ್ರಭುಲಿಂಗಲೀಲೆ'ಯ ಕಥೆಯನ್ನು ಬಾಯಲ್ಲೇ ಹೇಳಿದೆವು: ಬನವಾಸಿಯ ಮಮಕಾರ ರಾಜನ ಮಗಳು ಮಾಯೆ, ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ಬಾರಿಸುವ ಅಲ್ಲಮ, ಅವಳ ಮೋಹ, ಅವನು ಕೈಗೆ ಸಿಗದೆ ಹೋದದ್ದು. ತಾಯಿಯೂ ಬಾಗಿಲು ಬಿಟ್ಟು ಒಳಗೆ ಬಂದು ಕುಳಿತು ಕೇಳಿದರು. ಟ್ರಂಕಿನ ಬೀಗದ ಕೈ ಅವರ ಸೆರಗಿನ ಗಂಟಿನಲ್ಲಿತ್ತು. ಅದನ್ನು ಮಗಳ ಮುಂದಿಟ್ಟು, ಪರೀಕ್ಷೆ ಮುಗಿಯುವವರೆಗೆ ರಾತ್ರಿ ಹತ್ತರ ಮೇಲೆ ಓದಕೂಡದೆಂದು ಕರಾರು ಹಾಕಿದರು.

ಮಗಳಿಗೆ ಅಲ್ಲಮನ ಮೇಲೆ ಅಷ್ಟೇನೂ ಆಸಕ್ತಿ ಹುಟ್ಟಲಿಲ್ಲ. ಸೋತ ಮೇಲೆ ಮಾಯೆಗೆ ಏನೇನು ಅನ್ನಿಸಿತೆಂದು ಚಾಮರಸ ಬರೆದಿದ್ದಾನೆಯೇ, ಅಥವಾ ಸೂಸನ್ನಳ ಹಾಗೆ ಅವಳನ್ನೂ ಬಿಟ್ಟುಬಿಟ್ಟನೇ ಎಂದು ಕೇಳಿದಳು. ಗ್ರಂಥವನ್ನು ಮತ್ತೆ ತೆರೆದು ನೋಡಿ ಹೇಳುವುದಾಗಿ ಒಪ್ಪಿಕೊಂಡು ಬಂದಿದ್ದೇವೆ.